ಹಿಂತಿರುಗುವ ಗಂಟೆ

2023ರ ಜುಲೈ 16, ಭಾನುವಾರ. ಗೋವಾದ ಕುಳೆಂ ಬಳಿ ರೈಲು ಹಳಿಯ ಪಕ್ಕದಲ್ಲಿ ತರುಣ ತರುಣಿಯರ ಗುಂಪೊಂದು ಬಸ್ಕಿ ಹೊಡೆಯುತ್ತಿದ್ದ ವಿಡಿಯೊ ದೇಶವನ್ನೆಲ್ಲ ಸುತ್ತಿತು. ಅಂದು ದೂಧ್‌ಸಾಗರ ಜಲಪಾತ ನೋಡಲು ಬಂದಿದ್ದ ನೂರಾರು ಮಂದಿಯನ್ನು ಪೊಲೀಸರು ತಡೆದಿದ್ದರು. ಹಳಿಯ ಮೇಲೆ ನಡೆದು ಸಿಕ್ಕಿಬಿದ್ದ ಕೆಲವರಿಗೆ ಸಿಕ್ಕ ಶಿಕ್ಷೆ ಅದು. ನೋಡಿದವರು ಎರಡು ಪಾಳಯವಾದರು. ವಯಸ್ಸಿಗೆ ಬಂದವರಿಗೆ ಶಾಲೆಯ ಮಕ್ಕಳ ಶಿಕ್ಷೆ ಕೊಡಲು ಯಾವ ಕಾನೂನಿದೆ ಎಂದು ಒಂದು ಪಾಳಯ ಕೇಳಿತು. ಇಂಥವರಿಗೆ ಹೀಗೇ ಆಗಬೇಕು ಎಂದು ಇನ್ನೊಂದು ನಕ್ಕಿತು. ಮೊದಲನೆಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡೂ ಕಡೆಯವರು ಕೇಳದೆ ಬಿಟ್ಟ ಪ್ರಶ್ನೆ ಒಂದಿತ್ತು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಅಷ್ಟೊಂದು ಗುಂಪುಗಳಲ್ಲಿ, "ಅಲ್ಲಿ ಬಿಡದಿದ್ದರೆ ಏನು ಮಾಡೋಣ?" ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಟ ಗುಂಪು ಎಷ್ಟಿದ್ದೀತು?

ಕೇಳಬೇಕಾದ ಕಾರಣಗಳು ಕಣ್ಣೆದುರೇ ಇದ್ದವು. ಅದಕ್ಕೆ ಕೆಲವೇ ದಿನ ಮೊದಲು ಗೋವಾದ ಸಾಂಗೆಂ ತಾಲ್ಲೂಕಿನ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತಿದ್ದರು. ಅರಣ್ಯ ಇಲಾಖೆ ಅಭಯಾರಣ್ಯಗಳ ಒಳಗಿನ ಜಲಪಾತಗಳಿಗೆ ಪ್ರವೇಶ ನಿಲ್ಲಿಸಿತ್ತು. ದೂಧ್‌ಸಾಗರ ಇರುವುದೂ ಭಗವಾನ್ ಮಹಾವೀರ ಅಭಯಾರಣ್ಯದ ಒಳಗೇ. ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆದರೂ ಭಾನುವಾರದ ಯೋಜನೆ ಬದಲಾಗಲಿಲ್ಲ. ಬದಲಾಗುವ ಜಾಗವನ್ನೇ ಆ ಯೋಜನೆಗಳಲ್ಲಿ ಯಾರೂ ಇಟ್ಟಿರಲಿಲ್ಲ.

ದೂಧ್‌ಸಾಗರ ಎಂಥ ಜಾಗ ಎನ್ನುವುದನ್ನು ಮೊದಲು ನೋಡಬೇಕು. ಕರ್ನಾಟಕದ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿದು ಮಾಂಡವಿ ಎನಿಸಿಕೊಳ್ಳುವ ಮಹದಾಯಿಯ ನೀರಿನ ಬಳಗಕ್ಕೆ ಸೇರಿದ ಈ ಜಲಪಾತದ ಎತ್ತರ ಸುಮಾರು 310 ಮೀಟರ್. ಅದರ ಎದೆಯ ಮಟ್ಟದಲ್ಲಿ ರೈಲು ಸೇತುವೆಯೊಂದು ಅಡ್ಡ ಹಾಯುತ್ತದೆ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಈ ಘಾಟಿಯ ದಾರಿ ಪೋರ್ಚುಗೀಸರ ಕಾಲದ್ದು, 1880ರ ದಶಕದಲ್ಲಿ ಹಾಕಿದ್ದು. 37 ಅಡಿಗೆ 1 ಅಡಿ ಏರುವ ಕಡಿದಾದ ಹಳಿ, ಒಂದರ ಹಿಂದೆ ಒಂದು ಸುರಂಗ. ದೂಧ್‌ಸಾಗರ ಎಂಬ ನಿಲ್ದಾಣವೂ ಇದೆ. ಆದರೆ ಅಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ. ಹಳಿಯ ಮೇಲೆ ನಡೆದರೆ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ. ಕುಳೆಂನಿಂದ ಕಾಡಿನೊಳಗೆ ಕರೆದೊಯ್ಯುವ ಜೀಪುಗಳು ಮಳೆಗಾಲದಲ್ಲಿ ನಿಂತಿರುತ್ತವೆ, ಯಾಕೆಂದರೆ ಜೀಪಿನ ದಾರಿ ಹೊಳೆಯನ್ನೇ ದಾಟಿ ಹೋಗುತ್ತದೆ. ಅಕ್ಟೋಬರ್ ಬಂದ ಮೇಲೆ ಮತ್ತೆ ಶುರು.

ಅಂದರೆ ಜಲಪಾತ ಮೈದುಂಬಿಕೊಳ್ಳುವ ತಿಂಗಳುಗಳಲ್ಲೇ ಅದರ ಬಾಗಿಲು ಮುಚ್ಚಿರುತ್ತದೆ. ಹಾಗೆ ಮುಚ್ಚಿರುವುದು ಅಧಿಕಾರಿಗಳ ಹಟದಿಂದ ಎಂದು ಭಾವಿಸುವವರು 2021ರ ಜುಲೈ 23ನ್ನು ನೆನೆಯಬಹುದು. ಅಂದು ಇದೇ ಘಾಟಿಯಲ್ಲಿ ಗುಡ್ಡ ಕುಸಿದು, ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ರೈಲು ಹಳಿ ತಪ್ಪಿತ್ತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಟನ್ನುಗಟ್ಟಲೆ ಕಬ್ಬಿಣವನ್ನೇ ಪಕ್ಕಕ್ಕೆ ಸರಿಸುವ ಮಣ್ಣಿನಡಿಯಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡ ಮನುಷ್ಯ ಎಷ್ಟರವನು?

ಕನ್ನಡದಲ್ಲಿ ಇಂಥ ಜಾಗಕ್ಕೆ ದುರ್ಗಮ ಎನ್ನುತ್ತಾರೆ. ಹೋಗಲು ಕಷ್ಟವಾದದ್ದು ಎಂಬುದೇ ಆ ಪದದ ಅರ್ಥ. ಕೋಟೆಯನ್ನು ಹೇಳುವ ದುರ್ಗ ಎಂಬ ಪದವೂ ಅದೇ ಬೇರಿನದು. ಕೋಟೆಗೆ ಆ ಹೆಸರು ಬಂದದ್ದು ಅದು ಬಂದವರನ್ನೆಲ್ಲ ಒಳಗೆ ಬಿಡುವುದಿಲ್ಲ ಎಂಬ ಗುಣಕ್ಕೆ. ಚಿತ್ರದುರ್ಗದ ಬಾಗಿಲಿಗೆ ಬಂದ ಯಾರೂ 'ಇಷ್ಟು ದೂರ ಬಂದಿದ್ದೇನೆ, ಬಿಡಲೇಬೇಕು' ಎಂದು ವಾದಿಸುವಂತಿರಲಿಲ್ಲ. ದುರ್ಗಮ ಎಂಬುದು ಆ ಜಾಗ ತನ್ನ ಬಗ್ಗೆ ತಾನೇ ಕೊಡುವ ಮಾಹಿತಿ. ಅದನ್ನು ಸವಾಲು ಎಂದು ಓದಿಕೊಳ್ಳುವುದು ಇತ್ತೀಚಿನ ಅಭ್ಯಾಸ.

ಈಗಿನ ಗುಂಪು ಪ್ರವಾಸದ ಯೋಜನೆ ಹುಟ್ಟುವ ಬಗೆ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಪುಣೆಯ ಕಚೇರಿ ಗೆಳೆಯರಿರಲಿ, ಮುಂಬೈಯ ಕನ್ನಡ ಸಂಘದ ಯುವಕರಿರಲಿ, ಹೈದರಾಬಾದಿನ ಅಪಾರ್ಟ್‌ಮೆಂಟಿನವರಿರಲಿ, ಜೂನ್ ತಿಂಗಳಲ್ಲಿ ಯಾರೋ ಒಬ್ಬರು ಅರ್ಧ ನಿಮಿಷದ ವಿಡಿಯೊ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಹದಿನೈದು ಹೆಬ್ಬೆರಳು. ಹೊಸ ವಾಟ್ಸಾಪ್ ಗುಂಪು, ಅದಕ್ಕೊಂದು ಹೆಸರು. ಆಮೇಲೆ ಪಟ್ಟಿ ಬೆಳೆಯುತ್ತದೆ: ಟೆಂಪೋ ಟ್ರಾವೆಲರ್, ತಲೆಗೆ ಇಷ್ಟು ದುಡ್ಡು, ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಎಲ್ಲಿ ಹತ್ತುವುದು, ಯಾರು ಚಪಾತಿ ಶೇಂಗಾ ಚಟ್ನಿ ತರುವುದು, ಯಾರ ಬಳಿ ಸ್ಪೀಕರ್ ಇದೆ. ಅವಲಕ್ಕಿಯಿಂದ ಜಿಗಣೆಗೆ ಹಚ್ಚುವ ಉಪ್ಪಿನವರೆಗೆ ಎಲ್ಲವೂ ಇರುತ್ತದೆ. ಯಾವ ಗಂಟೆಗೆ, ಯಾವ ಗುರುತು ಕಂಡರೆ, ಯಾರ ಮಾತಿನ ಮೇಲೆ ಎಲ್ಲರೂ ಹಿಂತಿರುಗಬೇಕು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ.

ದುರ್ಗಮವಾದ ಜಲಪಾತಕ್ಕೆ ಗುಂಪು ಕಟ್ಟಿಕೊಂಡು ಹೋಗುವವರ ಯೋಜನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಸಾಲೇ. ಅದನ್ನು ಬರೆಯಬೇಕಾದದ್ದು ಮನೆಯಲ್ಲಿ, ಒಣ ಬಟ್ಟೆಯಲ್ಲಿ ಕೂತಿರುವಾಗ. ನೀರಿನ ಮುಂದೆ ನಿಂತು ಬರೆಯಲು ಆಗುವುದಿಲ್ಲ.

ಯಾಕೆ ಆಗುವುದಿಲ್ಲ? ಅಮೆರಿಕದ ಜೆರ್ರಿ ಹಾರ್ವಿ ಎಂಬ ಪ್ರಾಧ್ಯಾಪಕ 1974ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ಉತ್ತರವಿದೆ. ಟೆಕ್ಸಸ್‌ನ ಸುಡು ಬಿಸಿಲಿನ ಮಧ್ಯಾಹ್ನ ಒಂದು ಕುಟುಂಬ ಮನೆಯಲ್ಲಿ ಆರಾಮಾಗಿ ಕೂತಿರುತ್ತದೆ. ಮಾವ 53 ಮೈಲಿ ದೂರದ ಆ್ಯಬಿಲಿನ್‌ಗೆ ಊಟಕ್ಕೆ ಹೋಗೋಣ ಎನ್ನುತ್ತಾನೆ. ಉಳಿದವರೆಲ್ಲ ಹೂಂ ಎನ್ನುತ್ತಾರೆ. ಧೂಳು ತಿಂದು, ಬೆವರಿ, ರುಚಿಯಿಲ್ಲದ ಊಟ ಮಾಡಿ ಮರಳಿದ ಮೇಲೆ ಗೊತ್ತಾಗುತ್ತದೆ, ನಾಲ್ವರಲ್ಲಿ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ ಎಂದು. ಮಾವನೂ ಸುಮ್ಮನೆ ಮಾತಿಗೆ ಹೇಳಿದ್ದ. ಉಳಿದವರಿಗೆ ಬೇಸರವಾದೀತು ಎಂದು ಪ್ರತಿಯೊಬ್ಬರೂ ತಮ್ಮ ಮನಸ್ಸು ಮುಚ್ಚಿಟ್ಟಿದ್ದರು. ಗುಂಪುಗಳಿಗೆ ಜಗಳ ನಿಭಾಯಿಸುವುದಕ್ಕಿಂತ ಒಪ್ಪಿಗೆಯನ್ನು ನಿಭಾಯಿಸುವುದೇ ಕಷ್ಟ ಎಂಬುದು ಹಾರ್ವಿಯ ವಾದ.

ಆ ಕುಟುಂಬ ಕಳೆದುಕೊಂಡದ್ದು ಒಂದು ಮಧ್ಯಾಹ್ನವನ್ನು. ಸಹ್ಯಾದ್ರಿಯ ಹಳ್ಳದ ಅಂಚಿನಲ್ಲಿ ಇದೇ ಆಟ ನಡೆದಾಗ ಕಳೆದುಕೊಳ್ಳುವುದು ಬೇರೆ. ಹದಿನೈದು ಜನರಲ್ಲಿ ಏಳು ಜನಕ್ಕೆ ಒಳಗೊಳಗೆ ಅಳುಕು ಶುರುವಾಗಿರುತ್ತದೆ. ಆದರೆ ಮೊದಲು ಬಾಯಿ ಬಿಟ್ಟವರು ಪುಕ್ಕಲರೆನಿಸಿಕೊಳ್ಳಬೇಕು. ದುಡ್ಡು ಕೊಟ್ಟಾಗಿದೆ. ಮನೆಯಲ್ಲಿ ಒಪ್ಪಿಸಿ ಬಂದಾಗಿದೆ. ಮುಂದಾಳಿಗೆ ಮರ್ಯಾದೆಯ ಪ್ರಶ್ನೆ. ಹಿಂದೆ ಉಳಿದು ಏದುಸಿರು ಬಿಡುತ್ತಿರುವವರಿಗೆ, ತನ್ನಿಂದ ಎಲ್ಲರ ಪ್ರವಾಸ ಕೆಟ್ಟಿತಲ್ಲ ಎಂಬ ನಾಚಿಕೆ. ಆಗ ಯಾರಾದರೂ ಒಬ್ಬರು ಹೇಳುತ್ತಾರೆ: "ಇಷ್ಟು ದೂರ ಬಂದು..." ಕನ್ನಡದಲ್ಲಿ ಈ ಮಾತನ್ನು ಯಾರೂ ಪೂರ್ತಿ ಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು. 'ಬಂದು' ಎಂಬ ಅಪೂರ್ಣ ಕ್ರಿಯಾಪದದಲ್ಲೇ ಮಾತು ನಿಲ್ಲುತ್ತದೆ. ಉಳಿದದ್ದನ್ನು ಕೇಳಿದವರೇ ತಮ್ಮ ತಮ್ಮ ಮನಸ್ಸಿನಲ್ಲಿ ಪೂರೈಸಿಕೊಳ್ಳುತ್ತಾರೆ. ಹೇಳಿದವರು ಏನನ್ನೂ ಹೇಳಿಲ್ಲ, ನಿರ್ಧಾರವಂತೂ ಆಗಿಬಿಟ್ಟಿರುತ್ತದೆ. ಮುಂದೆ ಏನಾದರೂ ಆದರೆ ಆ ನಿರ್ಧಾರ ಯಾರದ್ದು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ.

ನೀರಿಗೆ ಇಂಥ ಸಂಕೋಚಗಳಿಲ್ಲ. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಪುಣೆಯ ಒಂದು ಕುಟುಂಬ ಹರಿವಿನ ನಡುವಿನ ಬಂಡೆಯ ಮೇಲೆ ನಿಂತಿತ್ತು. ಅವರು ಅಲ್ಲಿಗೆ ಹೋದಾಗ ನೀರು ಆಟಕ್ಕೆ ತಕ್ಕಷ್ಟೇ ಇತ್ತು. ನೋಡನೋಡುತ್ತ ನೀರೇರಿತು. ಒಬ್ಬರನ್ನೊಬ್ಬರು ಅವುಚಿಕೊಂಡು ನಿಂತವರನ್ನು ಕೊಚ್ಚಿಕೊಂಡು ಹೋಯಿತು. ಐವರು ಸತ್ತರು, ಅವರಲ್ಲಿ ನಾಲ್ವರು ಮಕ್ಕಳು. ಭೂಶಿ ದುರ್ಗಮ ಜಾಗವೇ ಅಲ್ಲ. ಊರಿಗೆ ಹತ್ತಿರ, ದಂಡೆಯ ಮೇಲೆ ಜನ, ಕೂಗಿದರೆ ಕೇಳುವ ದೂರ. ಅಲ್ಲೇ ಹೀಗಾದರೆ, ಮೊಬೈಲ್ ಸಿಗ್ನಲ್ಲೂ ಇಲ್ಲದ ಕಣಿವೆಯಲ್ಲಿ?

ಸಹ್ಯಾದ್ರಿಯ ಹಳ್ಳಗಳು ಹೀಗೆ ಥಟ್ಟನೆ ಏರುವುದಕ್ಕೆ ಕಾರಣವಿದೆ. ಮೇಲಿನ ಬಯಲು ಕಪ್ಪು ಬಂಡೆಯದು, ಅದರ ಮೇಲೆ ತೆಳ್ಳನೆಯ ಮಣ್ಣು. ಜೂನ್ ಕಳೆಯುವ ಹೊತ್ತಿಗೆ ಆ ಮಣ್ಣು ನೀರುಂಡು ತೃಪ್ತವಾಗಿರುತ್ತದೆ. ಆಮೇಲೆ ಬಿದ್ದದ್ದೆಲ್ಲ ನೇರ ಹಳ್ಳಕ್ಕೆ. ಮಳೆ ಬೀಳುವುದು ಕೆಲವು ಕಿಲೋಮೀಟರ್ ಮೇಲೆ. ಕೆಳಗೆ ನಿಂತವರ ತಲೆಯ ಮೇಲೆ ಬಿಸಿಲೂ ಇರಬಹುದು. ಹರಿವಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮೊಣಕಾಲುದ್ದದ ನೀರು ಎಂಬ ಮಾತಿಗೆ ಅರ್ಥವಿಲ್ಲ. ಎಷ್ಟು ಜೋರಾಗಿ ಹರಿಯುವ ಮೊಣಕಾಲುದ್ದ ಎಂಬುದು ಮುಖ್ಯ. ಈಜು ಬರುತ್ತದೆ ಎಂಬ ಧೈರ್ಯವೂ ಜಲಪಾತದ ಬುಡದಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿಳಿ ನೊರೆಯೆಂದರೆ ಅರ್ಧ ಗಾಳಿ. ಅದು ಮೈಯನ್ನು ತೇಲಿಸುವುದಿಲ್ಲ, ಬೀಳುವ ನೀರಿನ ಸುತ್ತು ಒಳಕ್ಕೇ ಎಳೆಯುತ್ತದೆ.

ಹಿಂತಿರುಗುವ ಗುರುತುಗಳನ್ನು ಪಟ್ಟಿ ಮಾಡುವುದು ಕಷ್ಟವಲ್ಲ. ತಿಳಿಯಾಗಿದ್ದ ನೀರು ಕೆಂಪಗಾದರೆ, ಎಲೆ ಕಡ್ಡಿ ಒಟ್ಟಾಗಿ ತೇಲಿ ಬರತೊಡಗಿದರೆ, ಹಳ್ಳದ ಸದ್ದು ಬದಲಾದರೆ, ಬರುವಾಗ ಗುರುತಿಟ್ಟುಕೊಂಡ ಕಲ್ಲು ಮುಳುಗಿದ್ದರೆ, ಅಲ್ಲಿಗೆ ಮುಗಿಯಿತು. ಚರ್ಚೆ ಇಲ್ಲ, ಮತ ಹಾಕುವುದಿಲ್ಲ. ಒಂದು ವೇಳೆ ಹಳ್ಳದ ಆಚೆ ದಡದಲ್ಲಿ ಸಿಕ್ಕಿಕೊಂಡರೆ, ದಾಟುವ ಸಾಹಸ ಮಾಡದೆ ಎತ್ತರಕ್ಕೆ ಹೋಗಿ ಕೂರುವುದು. ನೀರು ಏರಿದಷ್ಟೇ ಬೇಗ ಇಳಿಯುವುದೂ ಉಂಟು. ನೆನೆದು, ಹಸಿದು ಕಳೆದ ನಾಲ್ಕು ಗಂಟೆಗಳಿಂದ ಯಾರೂ ಸಾಯುವುದು ಅಪರೂಪ.

ಇನ್ನು ಗಂಟೆಯ ಲೆಕ್ಕ. ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಂದು ಕಡೆಗೆ 7 ಕಿ.ಮೀ., 300 ಮೀಟರ್ ಏರು ಇರುವ ದಾರಿಗೆ ಇದರ ಪ್ರಕಾರ ಎರಡು ಗಂಟೆಗಿಂತ ತುಸು ಕಡಿಮೆ ಸಾಕು. ಹೆಚ್ಚಿನ ಗುಂಪುಗಳು ಲೆಕ್ಕ ನಿಲ್ಲಿಸುವುದು ಇಲ್ಲಿಗೇ. ಆದರೆ ಆ ಸೂತ್ರ ಗಟ್ಟಿಮುಟ್ಟಾದ ನಡಿಗೆಗಾರರಿಗೆ, ಒಣ ನೆಲಕ್ಕೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಅದನ್ನು ದುಪ್ಪಟ್ಟು ಮಾಡಿಕೊಳ್ಳಬೇಕು. ಸುಮಾರು ಮೂರು ಮುಕ್ಕಾಲು ಗಂಟೆಯಾಯಿತು. ದಾರಿಯಲ್ಲಿ ಎರಡು ಹಳ್ಳ ದಾಟಬೇಕು, ಒಬ್ಬರಿಗೆ 3 ನಿಮಿಷ, ಗುಂಪಿನಲ್ಲಿ 14 ಜನ: 84 ನಿಮಿಷ. ಒಟ್ಟು ಐದು ಗಂಟೆ ದಾಟಿತು, ಅದೂ ಒಂದು ಕಡೆಗೆ. ಬೆಳಗ್ಗೆ ಎಂಟಕ್ಕೆ ಹೊರಟರೆ ತಲುಪುವುದು ಒಂದೂಕಾಲಿಗೆ. ಬುತ್ತಿ ಬಿಚ್ಚದೆ, ಒಂದು ಫೋಟೊ ತೆಗೆಯದೆ ಹಾಗೇ ತಿರುಗಿದರೂ ವಾಪಸ್ಸಾಗುವುದು ಸಂಜೆ ಆರೂವರೆಗೆ. ಮೋಡ ಕವಿದ ಕಾಡಿನಲ್ಲಿ ಅಷ್ಟು ಹೊತ್ತಿಗೆ ಕತ್ತಲೆ. ಅದೇ ಗುಂಪು 7 ಜನರದ್ದಾದರೆ ಹಳ್ಳ ದಾಟುವುದರಲ್ಲೇ ಹೋಗಿ ಬರಲು ಸೇರಿ 84 ನಿಮಿಷ ಉಳಿಯುತ್ತದೆ. ಆದ್ದರಿಂದ ಯೋಜನೆಯ ಸಾಲು ಹೀಗಿರಬೇಕು: ಎಲ್ಲಿದ್ದರೂ ಸರಿ, ಹನ್ನೆರಡು ಗಂಟೆಗೆ ತಿರುಗುವುದು. ಜಲಪಾತದ ಸದ್ದು ಕೇಳುತ್ತಿದ್ದರೂ ಸರಿ.

ಯಾರ ಮಾತಿನ ಮೇಲೆ ತಿರುಗುವುದು? ಎರಡು ಮಾತುಗಳಿಗೆ ಆ ಅಧಿಕಾರ ಇರಬೇಕು. ಒಂದು, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರದ್ದು. ಅವರು ಸಾಕು ಎಂದರೆ ಸಾಕು; ಕಾರಣ ಕೇಳುವಂತಿಲ್ಲ, ಆಮೇಲೆ ಗೇಲಿ ಮಾಡುವಂತಿಲ್ಲ. ಇದು ಮೊದಲೇ ಒಪ್ಪಿತವಾಗಿದ್ದರೆ ಹೇಳುವವರ ನಾಚಿಕೆ ತಾನಾಗಿ ಕರಗುತ್ತದೆ. ಎರಡು, ದಾರಿ ತೋರಿಸಲು ಬರುವ ಊರಿನವರದ್ದು. ಪಟ್ಟಣದ ಗುಂಪುಗಳು ಅವರನ್ನು ದಾರಿ ಗೊತ್ತಿರುವ ಕೂಲಿಯವರೆಂದು ಕಾಣುತ್ತವೆ. "ಹೋಗಬಹುದಲ್ವಾ?" ಎಂದು ಕೇಳುತ್ತವೆ. ಹೌದು ಎಂಬ ಉತ್ತರವನ್ನು ಒಳಗಿಟ್ಟುಕೊಂಡೇ ಕೇಳುವ ಪ್ರಶ್ನೆ ಅದು. ಇಲ್ಲ ಎಂದರೆ ಆ ದಿನದ ದುಡಿಮೆ ಹೋಗುತ್ತದೆ ಎಂದು ಗೊತ್ತಿರುವ ಮನುಷ್ಯ ಇನ್ನೇನು ಹೇಳಿಯಾನು? "ಇವತ್ತು ನಿಮ್ಮ ಮನೆಯ ಮಕ್ಕಳನ್ನು ಅಲ್ಲಿಗೆ ಕಳಿಸುತ್ತೀರಾ?" ಎಂದು ಕೇಳಿದರೆ ಬೇರೆ ಉತ್ತರ ಬರುತ್ತದೆ. ಅದಕ್ಕೂ ಮೊದಲು, ಅರ್ಧ ದಾರಿಯಲ್ಲಿ ತಿರುಗಿದರೂ ಪೂರ್ತಿ ಹಣ ಕೊಡುತ್ತೇವೆ ಎಂದು ಹೇಳಿ, ಕೈಗೆ ಕೊಟ್ಟು, ಆಮೇಲೆ ಕೇಳಬೇಕು. ಇಲ್ಲ ಎನ್ನುವ ಸ್ವಾತಂತ್ರ್ಯವನ್ನು ಅವರಿಗೆ ಕೊಳ್ಳುವ ಬೆಲೆ ಅದು. ದೊಡ್ಡ ಬೆಲೆಯೇನಲ್ಲ.

ಪುಣೆ, ಮುಂಬೈಯ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ ಆಡಿ ಬೆಳೆದವರು ಅವರಲ್ಲಿ ಬಹಳ. ತಾಮ್ಹಿಣಿ ಘಾಟಿನ ಕೆಳಗಿನ ಭಿರಾ ಊರಿನಲ್ಲಿ ದೇವಕುಂಡದ ದಾರಿ ಕೇಳುವಾಗ ಇಂಗ್ಲಿಷ್, ಹಿಂದಿಗಿಂತ ಮರಾಠಿಯಲ್ಲಿ ಕೇಳಿದರೆ ಸಿಗುವ ಉತ್ತರ ಉದ್ದ. ಕನ್ನಡದಲ್ಲಿ ಹೊಂಡ, ಗುಂಡಿ, ಮಡು ಬೇರೆ ಬೇರೆಯಾಗಿರುವಂತೆ ಮರಾಠಿಯಲ್ಲೂ ಕುಂಡ, ಡೋಹ ಎಂಬ ಪದಗಳಿವೆ. ಡೋಹ ಎಂದರೆ ಹೊಳೆಯ ಆಳವಾದ ಮಡು. ಊರಿನವರು ಆ ಪದ ಬಳಸಿದರೆ ಅದು ಈಜುವ ಜಾಗದ ವರ್ಣನೆಯಲ್ಲ, ಎಚ್ಚರಿಕೆ. ಆ ಕಿವಿ ಇರುವವರು ಗುಂಪಿನ ಪರವಾಗಿ ಮಾತಾಡಲಿ.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ, ಹೀಗೆ ಲೆಕ್ಕ ಹಾಕಿಕೊಂಡು ಹೋದರೆ ಮಜಾ ಎಲ್ಲಿ ಉಳಿಯಿತು ಎಂಬುದು. ಸಾಹಸದ ಆನಂದ ದೊಡ್ಡದೇ. ವಾರವಿಡೀ ಪರದೆ ನೋಡುವ ಕಣ್ಣಿಗೆ ಒಂದು ಅಬ್ಬಿ ಕೊಡುವುದನ್ನು ಬೇರೆ ಯಾವುದೂ ಕೊಡಲಾರದು. ಆದರೆ ನಿಜವಾದ ಪರ್ವತಾರೋಹಿಗಳ ನಡುವೆ ತಿರುಗುವ ಗಂಟೆ ಎಂಬುದು ಮೊದಲ ಪಾಠ. ಎವರೆಸ್ಟ್ ಏರುವವರು ಶಿಖರ ಕಣ್ಣಿಗೆ ಕಾಣುತ್ತಿದ್ದರೂ ಆ ಗಂಟೆಗೆ ತಿರುಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಲೆಕ್ಕವಿಲ್ಲದೆ ಹೊರಡುವುದಕ್ಕೆ ಸಾಹಸ ಎಂಬ ಹೆಸರನ್ನು ಅವರು ಕೊಡುವುದಿಲ್ಲ.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು: ಇಷ್ಟೆಲ್ಲ ಯಾಕೆ, ಮಳೆಗಾಲದಲ್ಲಿ ಎಲ್ಲವನ್ನೂ ನಿಷೇಧಿಸಿದರಾಯಿತು. ಭೂಶಿಯ ದುರಂತದ ನಂತರ ಪುಣೆ ಜಿಲ್ಲಾಡಳಿತ ಹಲವು ತಾಣಗಳಿಗೆ ನಿಷೇಧಾಜ್ಞೆ ಹೊರಡಿಸಿತು. ಆ ಕ್ಷಣಕ್ಕೆ ಅದು ಬೇಕಿತ್ತು. ಆದರೆ ನಿಷೇಧ ಬೀಳುವುದು ಹೆಸರಿರುವ ಜಾಗಗಳ ಮೇಲೆ. ಅಲ್ಲಿಂದ ತಪ್ಪಿಸಿಕೊಂಡ ಗುಂಪು ಹೆಸರಿಲ್ಲದ, ಕಾವಲಿಲ್ಲದ ಇನ್ನೊಂದು ಅಬ್ಬಿಯನ್ನು ಹುಡುಕಿಕೊಳ್ಳುತ್ತದೆ. ಅದು ಇನ್ನಷ್ಟು ದೂರದ್ದು. ಮುಚ್ಚುವ ಕೆಲಸ ಮಾಡಿದ ಸರ್ಕಾರ ತೆರೆಯುವ ಕೆಲಸವನ್ನೂ ಮಾಡಬೇಕು. ತಮಿಳುನಾಡು ಇದನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದ ಗುಂಪು ಕಾಳ್ಗಿಚ್ಚಿನಲ್ಲಿ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷವೇ ಚಾರಣಕ್ಕೆ ನಿಯಮಗಳು ಬಂದವು. 2024ರಲ್ಲಿ ಅದೇ ಸರ್ಕಾರ 40 ದಾರಿಗಳನ್ನು ಆನ್‌ಲೈನ್ ನೋಂದಣಿಗೆ ತೆರೆದು, ಕಾಡಂಚಿನ ಊರುಗಳ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡಿತು. ಕರ್ನಾಟಕವೂ 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಚಾರಣ ನಿಲ್ಲಿಸಿ, ನಂತರ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೊಡನೆ ಆನ್‌ಲೈನ್ ಬುಕಿಂಗ್ ತಂದಿತು. ದಾರಿ ಸರಿಯಾದದ್ದು. ಆದರೆ ಎಷ್ಟೇ ಒಳ್ಳೆಯ ಪೋರ್ಟಲ್ ಬಂದರೂ, ಹಳ್ಳದ ಅಂಚಿನಲ್ಲಿ ನಿಂತ ಹದಿನಾಲ್ಕು ಜನರ ಪರವಾಗಿ ಅದು ಹಿಂತಿರುಗಲಾರದು.

ಒಂದು ವಿಷಯ ಉಳಿದಿದೆ. ನನ್ನ ಜೀವ, ನನ್ನಿಷ್ಟ ಎನ್ನುವವರು ಮರೆಯುವ ವಿಷಯ ಅದು. ಭೂಶಿಯಲ್ಲಿ ಕೊಚ್ಚಿಹೋದವರನ್ನು ಹುಡುಕಲು ನೀರಿಗಿಳಿದವರಲ್ಲಿ ಲೋಣಾವಳಾದ ಶಿವದುರ್ಗ ಮಿತ್ರ ತಂಡದವರಿದ್ದರು. ಅವರು ಸಂಬಳದ ನೌಕರರಲ್ಲ, ಸ್ವಯಂಸೇವಕರು. ಅಂಗಡಿ, ಕೆಲಸ, ಮನೆ ಬಿಟ್ಟು ಹಗ್ಗ ಹೆಗಲಿಗೇರಿಸಿಕೊಂಡು ಬರುವವರು. ಸಹ್ಯಾದ್ರಿಯ ಉದ್ದಕ್ಕೂ ಇಂಥ ತಂಡಗಳಿವೆ. ಪಟ್ಟಣದ ಗುಂಪು ಹನ್ನೆರಡು ಗಂಟೆಗೆ ತೆಗೆದುಕೊಳ್ಳದ ನಿರ್ಧಾರದ ಬಿಲ್ಲು ರಾತ್ರಿ ಹನ್ನೆರಡಕ್ಕೆ ಇವರ ಹೆಸರಿಗೆ ಬರುತ್ತದೆ. ಅವರ ಮನೆಯಲ್ಲೂ ದೀಪ ಆರಿಸದೆ ಕಾಯುವವರಿದ್ದಾರೆ. ಹಿಂತಿರುಗುವ ಗಂಟೆಯನ್ನು ಬರೆದಿಡುವುದು ಎಲ್ಲಕ್ಕಿಂತ ಹೆಚ್ಚಾಗಿ ಆ ಮನೆಗಳಿಗೆ ಸಲ್ಲಬೇಕಾದ ಗೌರವ.

ಈ ಮಳೆಗಾಲದಲ್ಲಿ ಯಾರಾದರೂ ಗುಂಪಿನಲ್ಲಿ ವಿಡಿಯೊ ಹಾಕಿದಾಗ ಹೆಬ್ಬೆರಳು ಒತ್ತುವ ಮುನ್ನ ಒಬ್ಬರಾದರೂ ಕೇಳಲಿ: ಎಷ್ಟು ಗಂಟೆಗೆ ತಿರುಗುತ್ತೇವೆ, ಯಾರು ಹೇಳಿದರೆ ತಿರುಗುತ್ತೇವೆ, ತಿರುಗಿದ ಮೇಲೆ ಎಲ್ಲಿ ಊಟ ಮಾಡುತ್ತೇವೆ? ಮೂರನೆಯದನ್ನು ಮರೆಯಬಾರದು. ಹತ್ತಿರದ ಕೋಟೆಯೋ, ಹಳೆಯ ದೇವಸ್ಥಾನವೋ, ಬಿಸಿ ಪಿಠಲೆ ಭಾಕರಿ ಸಿಗುವ ಮನೆಯೋ ಮೊದಲೇ ಗೊತ್ತಾಗಿದ್ದರೆ ತಿರುಗುವುದು ಸೋಲಿನಂತೆ ಕಾಣುವುದಿಲ್ಲ. ದೂಧ್‌ಸಾಗರದ ಮಟ್ಟಿಗಂತೂ ಮಳೆಗಾಲಕ್ಕೊಂದು ದಾರಿ ತೆರೆದೇ ಇದೆ. ದೆಹಲಿಯಿಂದ ಪುಣೆ, ಬೆಳಗಾವಿ ಹಾದು ವಾಸ್ಕೊಗೆ ಹೋಗಿ ಬರುವ ಗೋವಾ ಎಕ್ಸ್‌ಪ್ರೆಸ್ ಆ ಸೇತುವೆಯ ಮೇಲೆಯೇ ಹಾಯುತ್ತದೆ. ಹಗಲಿನಲ್ಲಿ ಹಾಯುವ ರೈಲಿನ ಟಿಕೆಟ್ಟು ತೆಗೆದು ಕಿಟಕಿಯ ಪಕ್ಕ ಕೂತರೆ, ಜಲಪಾತದ ತುಂತುರು ಮುಖಕ್ಕೆ ಬೀಳುತ್ತದೆ. ನೀರಿಗಿಳಿಯಬೇಕು ಎನ್ನುವವರಿಗೆ ಅಕ್ಟೋಬರ್ ಇದೆ, ಜೀಪು ಇದೆ, ಜೀವರಕ್ಷಕ ಜಾಕೆಟ್ಟು ಇದೆ.